ನೀರು ಹೊರುವ ಸರದಿ

“ಗುರುಗಳೇ, ತೀರಿಹೋದ ನಮ್ಮವರಿಗೆ ನೆಮ್ಮದಿ ಸಿಗಲಿ ಎಂದು ಬಯಸುವುದರಲ್ಲಿ ತಪ್ಪೇನಾದರೂ ಇದೆಯೇ?” ಎಂದು ಶಿಷ್ಯನೊಬ್ಬ ಕೇಳಿದ. ಅವನ ತಾಯಿ ತೀರಿಕೊಂಡು ಹೆಚ್ಚು ದಿನವಾಗಿರಲಿಲ್ಲ.

ಗುರುಗಳು ಹೇಳಿದರು:

ಐರ್ಲೆಂಡ್ ದೇಶದ ಒಂದು ಹಳ್ಳಿಯಲ್ಲಿ ಒಬ್ಬ ರೈತನಿದ್ದ. ಆ ಸೀಮೆಯಲ್ಲಿ ಒಂದು ನಂಬಿಕೆ. ಮಣ್ಣಿನಡಿ ಮಲಗಿದವರಿಗೆ ತೀರದ ದಾಹ. ಅವರಿಗೆಲ್ಲ ನೀರು ಹೊರುವ ಕೆಲಸ ಕಡೆಗೆ ಮಣ್ಣಾದವರದು. ಊರಿನಿಂದ ಇನ್ನೊಂದು ಹೆಣ ಬರುವವರೆಗೆ ಅವರಿಗೆ ಬಿಡುವಿಲ್ಲ. ಒಂದೇ ದಿನ ಎರಡು ಸಾವಾದರೆ, ಹೆಣ ಹೊತ್ತವರು ಸ್ಮಶಾನದ ಬಾಗಿಲಿಗೆ ತಾ ಮುಂದು ತಾ ಮುಂದು ಎಂದು ಓಡುತ್ತಿದ್ದರು.

ಒಂದು ವರ್ಷ ಊರಿಗೆ ವಿಷಮಜ್ವರ ಹೊಕ್ಕಿತು. ಅನೇಕರು ಹೋದರು. ಕಡೆಗೆ ಹೋದವಳು ರೈತನ ಹೆಂಡತಿ. ಅವಳನ್ನು ಹೂತ ಮೇಲೆ ಜ್ವರ ನಿಂತಿತು. ಊರು ಉಸಿರು ಬಿಟ್ಟಿತು. ರೈತನಿಗೆ ಮಾತ್ರ ತುತ್ತು ಇಳಿಯಲಿಲ್ಲ. ಬದುಕಿದ್ದಷ್ಟು ಕಾಲ ಹೊಳೆಯಿಂದ ನೀರು ಹೊತ್ತವಳು, ಈಗ ಅಲ್ಲಿಯೂ ಹೊರುತ್ತಿದ್ದಾಳೆ. ಅವಳ ಕೊಡ ಇಳಿಸಿಕೊಳ್ಳುವವರು ಯಾರು? ಯಾರ ಮನೆಯಲ್ಲಿ ಕೆಮ್ಮು ಕೇಳಿದರೂ ಅವನ ಕಿವಿ ನಿಮಿರುತ್ತಿತ್ತು.

ಚಳಿಗಾಲದಲ್ಲಿ, ಬುಟ್ಟಿ ಹೆಣೆಯುವ ಒಬ್ಬ ಒಂಟಿ ಮುದುಕ ಜ್ವರ ಬಂದು ಮಲಗಿದ. ಅಂಟುಜಾಡ್ಯಕ್ಕೆ ಹೆದರಿ ಯಾರೂ ಅವನ ಹೊಸಿಲು ತುಳಿಯಲಿಲ್ಲ. ರೈತ ಮಾತ್ರ ದಿನವೂ ಹೋಗಿ ಕೂತು ಬರುತ್ತಿದ್ದ.

ಒಂದು ಮಧ್ಯಾಹ್ನ ಮುದುಕ ಕಣ್ಣು ತೆರೆದ.

“ಏನಪ್ಪಾ, ದಿನಾ ಬಂದು ನೋಡ್ತೀಯ. ಪ್ರೀತಿ ನನ್ನ ಮೇಲೋ, ನಿನ್ನ ಹೆಂಡತಿ ಮೇಲೋ?”

ರೈತ ತಲೆ ತಗ್ಗಿಸಿದ. ಸುಳ್ಳು ಬಾಯಿಗೆ ಬರಲಿಲ್ಲ. “ಅವಳು ದಣಿದಿದ್ದಾಳೆ, ಅಜ್ಜಾ.”

“ನೀರು ಹೊರೋ ವಯಸ್ಸೇನಯ್ಯಾ ನಂದು?” ಮುದುಕ ನಗಲು ಹೋಗಿ ಕೆಮ್ಮಿದ. “ಇರಲಿ, ಹೊರ್ತೀನಿ. ಅಲ್ಲೀವರೆಗೆ ನನಗೊಂದು ಗುಟುಕು ಕೊಡು. ನಿನ್ನೆಯಿಂದ ಕೊಡ ಖಾಲಿ.”

ರೈತ ಕೊಡ ನೋಡಿದ. ಹೊಳೆ ದೂರವಿರಲಿಲ್ಲ. ಆದರೆ ಸುಮ್ಮನೆ ಕೂತಿದ್ದರೆ ಸಾಕಿತ್ತು, ಹೆಂಡತಿಗೆ ಬಿಡುಗಡೆ. ಬಹಳ ಹೊತ್ತು ಕೂತ. ಆಮೇಲೆ ಎದ್ದು ಕೊಡ ಎತ್ತಿಕೊಂಡು ಹೊಳೆಗೆ ಹೋದ.

ಮರುದಿನವೂ ತಂದ. ಅದರ ಮರುದಿನವೂ. ಚಳಿ ಹೋಗುವ ಹೊತ್ತಿಗೆ ಮುದುಕ ಬಿಸಿಲಲ್ಲಿ ಕೂತು ಬುಟ್ಟಿ ಹೆಣೆಯುತ್ತಿದ್ದ.

ಗುರುಗಳು ಕತೆಯನ್ನು ಅಲ್ಲಿಗೇ ನಿಲ್ಲಿಸಿದರು. ಶಿಷ್ಯನಿಗೆ ತಡೆಯಲಾಗಲಿಲ್ಲ. “ಹಾಗಾದರೆ ಆ ತಾಯಿ? ಅವಳು ನೀರು ಹೊರುತ್ತಲೇ ಇದ್ದಳೇ?”

“ಹೊರುತ್ತಲೇ ಇದ್ದಳು,” ಎಂದರು ಗುರುಗಳು. “ಅವಳು ಹೊತ್ತಷ್ಟು ದಿನ ಆ ಊರಿನ ಒಂದು ಮನೆಯಲ್ಲೂ ಅಳು ಏಳಲಿಲ್ಲ.”