ಗೋಡೆಯಾಚೆಯ ರೊಟ್ಟಿ

“ಗುರುಗಳೇ, ಎಷ್ಟು ಕಷ್ಟವಿದ್ದರೆ ಅನುಕಂಪಕ್ಕೆ ಸಾಕಾಗುತ್ತದೆ?” ಎಂದು ಶಿಷ್ಯ ಕೇಳಿದ.

ಅವನು ಸರ್ಕಾರಿ ನೌಕರ. ಕೆಲಸದಲ್ಲಿರುವಾಗಲೇ ತೀರಿಕೊಂಡವರ ಮನೆಯವರು ಅನುಕಂಪದ ಆಧಾರದ ಮೇಲೆ ನೌಕರಿ ಕೇಳಿದರೆ, ಆ ಮನೆಗೆ ಹೋಗಿ, ಅವರು ನಿಜಕ್ಕೂ ಕಷ್ಟದಲ್ಲಿದ್ದಾರೆಯೇ ಎಂದು ನೋಡಿ ಬಂದು ವರದಿ ಕೊಡುವುದು ಅವನ ಪಾಲಿನ ಕೆಲಸ. ಹಿಂದಿನ ದಿನ ಅಂಥ ಒಂದು ಮನೆಗೆ ಹೋಗಿದ್ದ. ಸೋದರಮಾವ ಅಕ್ಕಿಬೇಳೆ ತಂದುಹಾಕುತ್ತಿದ್ದಾನೆಂದು ತಿಳಿದು, ನೌಕರಿಯ ಅಗತ್ಯವಿಲ್ಲ ಎಂದು ಬರೆದಿದ್ದ. ಬರೆದದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಆದರೂ ಮನಸ್ಸಿಗೆ ಸಮಾಧಾನವಿರಲಿಲ್ಲ.

“ಅಳೆಯೋದಕ್ಕೆ ಸೇರು ತಂದಿದ್ದೀಯೋ, ಗಜಕೋಲು ತಂದಿದ್ದೀಯೋ?” ಎಂದು ಗುರುಗಳು ನಕ್ಕರು. ಶಿಷ್ಯ ನಗಲಿಲ್ಲ. ಆಗ ಅವರೂ ನಗು ಬಿಟ್ಟು ಈ ಕತೆ ಹೇಳಿದರು.

ಒಂದು ರಾಜ್ಯದ ಸುಂಕದ ಕಟ್ಟೆಯಲ್ಲಿ ಒಬ್ಬ ಕಾವಲುಗಾರನಿದ್ದ. ಜ್ವರವೆಂದು ಮಲಗಿದವನು ಮತ್ತೆ ಏಳಲಿಲ್ಲ. ಅವನ ಮನೆಯಲ್ಲಿ ಉಳಿದವರು ಹೆಂಡತಿ, ಎರಡು ಸಣ್ಣ ಮಕ್ಕಳು, ಕಣ್ಣು ಕಾಣದ ಅವಳ ಅತ್ತೆ.

ಪಕ್ಕದ ಮನೆಯವಳು ಗಾಣಗಿತ್ತಿ. ಸೂತಕದ ಮನೆಯಲ್ಲಿ ಒಲೆ ಹಚ್ಚುವುದಿಲ್ಲ, ನೆರೆಯವರು ಅಡುಗೆ ಮಾಡಿ ತಂದುಕೊಡಬೇಕು ಎನ್ನುವುದು ಆ ಕೇರಿಯ ರೂಢಿ. ಗಾಣಗಿತ್ತಿ ರೊಟ್ಟಿ ತಂದಳು. ಸೂತಕ ಕಳೆಯಿತು. ಒಲೆ ಹಚ್ಚಲು ಈಗ ಅಡ್ಡಿಯಿರಲಿಲ್ಲ, ಆದರೆ ಬೇಯಿಸಲು ಮನೆಯಲ್ಲಿ ಏನೂ ಇರಲಿಲ್ಲ. ಗಾಣಗಿತ್ತಿ ಇದನ್ನು ಕೇಳಿ ತಿಳಿದವಳಲ್ಲ, ನೋಡಿ ತಿಳಿದವಳು. ತನ್ನ ಮನೆಗೆ ಹಿಟ್ಟು ಕಲಸುವಾಗ ಎರಡು ಹಿಡಿ ಹೆಚ್ಚಿಗೆ ಹಾಕಿದಳು. ನಡುವಿನ ಮೋಟುಗೋಡೆಯ ಮೇಲಿಂದ ದಿನವೂ ರೊಟ್ಟಿ ದಾಟತೊಡಗಿತು. ಅವಳನ್ನು ನೋಡಿ ಕೇರಿಯ ಉಳಿದವರೂ ಒಂದಿಷ್ಟು ಕಾಳು, ಒಂದು ಚೊಂಬು ಮಜ್ಜಿಗೆ ಕೊಟ್ಟರು. ಗಾಣಗಿತ್ತಿ ಸಿರಿವಂತಳೇನಲ್ಲ. ಬಾಯಿ ಜೋರು, ಕೈ ಧಾರಾಳ, ಅಷ್ಟೇ.

ಆ ರಾಜ್ಯದಲ್ಲಿ ಒಂದು ಕಟ್ಟಳೆಯಿತ್ತು. ಅರಮನೆಯ ಆಳು ಸತ್ತರೆ ಅವನ ಮನೆಯ ಒಬ್ಬರಿಗೆ ಕೆಲಸ ಕೊಡಬೇಕು. ದೊರೆಯ ಮನಸ್ಸು ಮೃದು, ಅವನು ಹೇಳಿದ್ದು ಇಷ್ಟೇ. ಕೇಳುವವರು ಹೆಚ್ಚಾದಾಗ ಮಂತ್ರಿ ಅದಕ್ಕೊಂದು ಬಾಲ ಸೇರಿಸಿದ: ಬೇರೆ ಆಸರೆ ಇಲ್ಲದಿದ್ದರೆ ಮಾತ್ರ.

ಕಾವಲುಗಾರನ ಹೆಂಡತಿ ಕೆಲಸ ಕೇಳಿದಳು. ನೋಡಿ ಬರಲು ಅಧಿಕಾರಿಯೊಬ್ಬ ಬಂದ. ನ್ಯಾಯವಂತ. ಹೋದ ಮನೆಯಲ್ಲಿ ಒಂದು ಲೋಟ ನೀರನ್ನೂ ಮುಟ್ಟುವವನಲ್ಲ.

“ಊಟಕ್ಕೆ ಏನು ಮಾಡ್ಕೊಂಡಿದ್ದೀಯಮ್ಮ?” ಎಂದು ಕೇಳಿದ.

ಅವಳು ತಲೆ ತಗ್ಗಿಸಿ ಮಾತು ಹುಡುಕುತ್ತಿದ್ದಳು. ಅಷ್ಟರಲ್ಲಿ ಗೋಡೆಯಾಚೆಯಿಂದ ಗಾಣಗಿತ್ತಿ ಹೇಳಿದಳು: “ನಾವೆಲ್ಲ ಸತ್ತು ಹೋಗಿದ್ದೀವಾ ಸ್ವಾಮಿ? ಈ ಮಕ್ಕಳನ್ನ ಒಂದು ಹೊತ್ತೂ ಹಸಿದು ಮಲಗೋಕೆ ಬಿಟ್ಟಿಲ್ಲ.”

ಅಧಿಕಾರಿಗೆ ಸಂತೋಷವಾಯಿತು. ಇಂಥ ನೆರೆ ಎಲ್ಲರಿಗೂ ಸಿಗಲಿ ಎಂದು ಹರಸಿದ. ಅರಮನೆಗೆ ಹೋಗಿ, ಆ ಮನೆಗೆ ಆಸರೆಯಿದೆ, ಕೆಲಸ ಬೇಕಾಗಿಲ್ಲ ಎಂದು ಹೇಳಿದ.

ಸುದ್ದಿ ಬಂದ ದಿನ ಗಾಣಗಿತ್ತಿ ನಾಲಗೆ ಕಚ್ಚಿಕೊಂಡಳು. ಕಾವಲುಗಾರನ ಹೆಂಡತಿ ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಮಂತ್ರಿಯ ಬಳಿಗೆ ಹೋಗಿ ಕಾಲಿಗೆ ಬಿದ್ದಳು. ಇನ್ನೊಮ್ಮೆ ನೋಡಲು ಕಳಿಸುತ್ತೇನೆ ಎಂದು ಅವನು ಹೇಳಿದ. ಯಾವಾಗ ಎಂದು ಹೇಳಲಿಲ್ಲ.

ಮರುದಿನ ಗಾಣಗಿತ್ತಿ ಗೋಡೆಯ ಮೇಲೆ ರೊಟ್ಟಿ ಇಟ್ಟಾಗ ಅವಳು ಅದನ್ನು ತೆಗೆದುಕೊಳ್ಳಲಿಲ್ಲ.

“ಅಕ್ಕಾ, ನಿನ್ನ ರೊಟ್ಟಿ ತಿಂದರೆ ನಾವು ಇವತ್ತು ಬದುಕ್ತೀವಿ. ಕೆಲಸ ಸಿಕ್ಕರೆ ಈ ಮಕ್ಕಳು ದೊಡ್ಡವರಾಗೋ ತನಕ ಬದುಕ್ತೀವಿ. ನಾಳೆಯಿಂದ ಕೊಡಬೇಡ. ಬೇರೆಯವರಿಗೂ ನೀನೇ ಹೇಳಿಬಿಡು.”

ಗಾಣಗಿತ್ತಿ ಮನೆ ಮನೆಗೂ ಹೋಗಿ ಹೇಳಿದಳು. ಯಾರೂ ಏನೂ ಕೊಡಬೇಡಿ, ಅವಳ ಒಳ್ಳೆಯದಕ್ಕೇ ಹೇಳುತ್ತಿದ್ದೇನೆ ಎಂದಳು. ಎಲ್ಲರೂ ಒಪ್ಪಿದರು. ಒಳ್ಳೆಯದಕ್ಕೆ ಎಂದ ಮೇಲೆ ಬೇಡ ಎನ್ನುವವರು ಯಾರು?

ಕೊಡುವುದಕ್ಕಿಂತ ಕೊಡದೆ ಇರುವುದು ಎಷ್ಟು ಕಷ್ಟ ಎಂದು ಅವಳಿಗೆ ಆಗ ತಿಳಿಯಿತು. ಮೊದಮೊದಲು ತುತ್ತು ಗಂಟಲಲ್ಲಿ ಇಳಿಯುತ್ತಿರಲಿಲ್ಲ. ವಾಸನೆ ಗೋಡೆ ದಾಟೀತೆಂದು ಸಾರಿಗೆ ಒಗ್ಗರಣೆ ಹಾಕುವುದನ್ನೇ ಬಿಟ್ಟಳು. ಆ ಮನೆಯವರು ಬೇಲಿಸಾಲಿನ ಸೊಪ್ಪು ಬೇಯಿಸಿಕೊಂಡು ತಿನ್ನುತ್ತಿದ್ದರು. ಸಣ್ಣ ಹುಡುಗಿ ಗೋಡೆಯ ಬಳಿ ಬಂದು, “ದೊಡ್ಡಮ್ಮ, ದೊಡ್ಡಮ್ಮ” ಎಂದು ಕರೆಯುತ್ತಿದ್ದಳು. ಗಾಣಗಿತ್ತಿ ಎತ್ತಿನ ಹಿಂದೆ ಗಾಣ ಸುತ್ತುತ್ತ, ಸೆರಗಿನಿಂದ ಕಣ್ಣೊರೆಸಿಕೊಳ್ಳುತ್ತ, ಕೇಳಿಸದವಳಂತೆ ಇದ್ದುಬಿಡುತ್ತಿದ್ದಳು.

ಅಧಿಕಾರಿ ಬರುವುದು ತಡವಾಯಿತು. ಹುಡುಗಿ ಕರೆಯುವುದನ್ನು ಬಿಟ್ಟಳು. ಗಾಣಗಿತ್ತಿಗೂ ತುತ್ತು ಇಳಿಯತೊಡಗಿತು. ಹಿಟ್ಟು ಕಲಸುವಾಗ ಆ ಎರಡು ಹಿಡಿಗೆ ಕೈ ಹೋಗುವುದು ನಿಂತಿತು. ಒಂದು ದಿನ ಸಾರಿಗೆ ಒಗ್ಗರಣೆಯನ್ನೂ ಹಾಕಿದಳು. ಹಾಕಿದ ಮೇಲೆ ನೆನಪಾಯಿತು, ಆದರೆ ಎದೆ ಮೊದಲಿನಂತೆ ಹೊಡೆದುಕೊಳ್ಳಲಿಲ್ಲ.

ಕೊನೆಗೂ ಅಧಿಕಾರಿ ಬಂದ. ಮಕ್ಕಳ ಕೈಕಾಲು ಕಡ್ಡಿಯಾಗಿದ್ದವು. ಅತ್ತೆ ಹಾಸಿಗೆ ಹಿಡಿದಿದ್ದಳು. ಕೇರಿಯವರನ್ನು ಕೇಳಿದ. ನಾವ್ಯಾರೂ ಏನೂ ಕೊಡುತ್ತಿಲ್ಲ ಎಂದು ಎಲ್ಲರೂ ಒಂದೇ ಬಾಯಲ್ಲಿ ಹೇಳಿದರು. ಅದು ನಿಜವೇ ಆಗಿತ್ತು. ಅಧಿಕಾರಿ ಮರುಗಿದ. ಕಾವಲುಗಾರನ ಹೆಂಡತಿಗೆ ಸುಂಕದ ಕಟ್ಟೆಯಲ್ಲಿ ಕಸಗುಡಿಸುವ ಕೆಲಸ ಸಿಕ್ಕಿತು. ಮಕ್ಕಳು ಮೈ ತುಂಬಿಕೊಂಡವು. ಅವಳು ಕೇರಿಗೆಲ್ಲ ಬೆಲ್ಲ ಹಂಚಿದಳು. ನಾವು ಗಟ್ಟಿ ಮನಸ್ಸು ಮಾಡಿದ್ದಕ್ಕೇ ಇದೆಲ್ಲ ಆದದ್ದು ಎಂದು ಗಾಣಗಿತ್ತಿ ಹೇಳಿಕೊಂಡಳು. ಅದೂ ನಿಜವೇ.

ಮುಂದೆ ಒಂದು ಸಲ ಕೇರಿಯ ಕೊನೆಯ ಮನೆಯ ಗಾರೆಯವನು ಕೆಲಸದ ಜಾಗದಲ್ಲಿ ಗೋಡೆಯಿಂದ ಬಿದ್ದು ಸತ್ತ. ಅವನಿಗೂ ಹೆಂಡತಿ, ಮಕ್ಕಳು. ಸೂತಕ ಇರುವ ತನಕ ನೆರೆಯವರು ರೂಢಿಯಂತೆ ಅಡುಗೆ ಕೊಟ್ಟರು. ಸೂತಕ ಕಳೆದ ದಿನವೇ ನಿಲ್ಲಿಸಿದರು.

ಗಾಣಗಿತ್ತಿ ಅಂದು ಹಿಟ್ಟಿನ ಮುಂದೆ ಕೂತು ಸ್ವಲ್ಪ ಹೊತ್ತು ಯೋಚಿಸಿದಳು. ಈಗಲೇ ಕೊಟ್ಟು ಆ ಮನೆಗೆ ಅಡ್ಡಿಯಾಗುವುದೇಕೆ, ಯಾರಾದರೂ ನೋಡಲು ಬಂದಾರು ಎಂದುಕೊಂಡಳು. ಗಾರೆಯವನು ಅರಮನೆಯ ಆಳಲ್ಲ, ಅವನ ಮನೆಯನ್ನು ನೋಡಲು ಯಾರೂ ಬರುವುದಿಲ್ಲ ಎಂಬುದು ಅವಳಿಗೆ ಗೊತ್ತಿತ್ತು. ಚೆನ್ನಾಗಿಯೇ ಗೊತ್ತಿತ್ತು. ಆದರೂ ಹಾಗೆ ಅಂದುಕೊಳ್ಳುವುದು ಹಿತವಾಗಿತ್ತು. ತನ್ನ ಮನೆಗೆ ಬೇಕಾದಷ್ಟು ರೊಟ್ಟಿ ತಟ್ಟಿ ಎದ್ದಳು. ಸುಂಕದ ಕಟ್ಟೆಯಿಂದ ಮರಳುವಾಗ ಕಾವಲುಗಾರನ ಹೆಂಡತಿಯೂ ಗಾರೆಯವನ ಮನೆಯ ಮುಂದೆಯೇ ಹಾದು ಬಂದಳು. ಬಾಗಿಲಲ್ಲಿ ಮಕ್ಕಳು ಕೂತಿದ್ದವು. ಅವಳೂ ನಿಲ್ಲಲಿಲ್ಲ.

ಇಷ್ಟಕ್ಕೆ ಗುರುಗಳು ಕತೆ ನಿಲ್ಲಿಸಿದರು. ಕತೆ ಇನ್ನೂ ಇದೆಯೆಂದು ಶಿಷ್ಯ ಕಾದ.

“ಗಾರೆಯವನ ಹೆಂಡತಿ ಮಕ್ಕಳು ಏನಾದರು ಗುರುಗಳೇ?” ಎಂದು ಕೊನೆಗೆ ಅವನೇ ಕೇಳಿದ.

“ಗೊತ್ತಿಲ್ಲಪ್ಪ, ಆ ಮನೆಗೆ ಹೋಗಿ ನೋಡಿ ಬರುವ ಕೆಲಸ ಯಾರದೂ ಆಗಿರಲಿಲ್ಲ.”