ಮೂರನೆಯ ಹಾಡಿಗೆ ನಿಂತ ಟೇಪು

“ತೆಗಳಿದ ಬಾಯಿಂದಲೇ ಹೊಗಳಿಬಿಟ್ಟರೆ ತಪ್ಪು ತೀರುತ್ತದಲ್ಲವೇ, ಬುದ್ಧಿ?” ಎಂದು ಶಿಷ್ಯ ಕೇಳಿದ. ಹೋದ ವರ್ಷ ಮಠದ ಭಜನೆಗೆ ಹಾಡಲು ಬಂದಿದ್ದ ಕೊಟ್ರಯ್ಯನನ್ನು ‘ಶ್ರುತಿಯಿಲ್ಲ’ ಎಂದು ವಾಪಸು ಕಳಿಸಿದವನು ಈ ಶಿಷ್ಯನೇ. ಈಗ ಊರೆಲ್ಲ ಕೊಟ್ರಯ್ಯನ ಹಾಡನ್ನು ಮೆಚ್ಚುತ್ತಿತ್ತು. ನಾಳೆಯ ಸಭೆಯಲ್ಲಿ ಅವನಿಗೊಂದು ಶಾಲು ಹೊದಿಸಿ ನಾಲ್ಕು ಒಳ್ಳೆಯ ಮಾತಾಡುವುದು ಶಿಷ್ಯನ ಯೋಚನೆ.

ಗುರುಗಳು ಕತೆ ಹೇಳಿದರು.

ಒಂದು ಪಟ್ಟಣದಲ್ಲಿ ಒಬ್ಬ ವಿಮರ್ಶಕನಿದ್ದ. ಹೊಸ ಕ್ಯಾಸೆಟ್ಟು ಬಂದರೆ ಪತ್ರಿಕೆಯಲ್ಲಿ ಅವನು ಬರೆದದ್ದೇ ವೇದವಾಕ್ಯ. ಅದೇ ಪಟ್ಟಣದ ಒಂದು ರಾಕ್ ಬ್ಯಾಂಡು ಅಬ್ಬರಕ್ಕೆ ಹೆಸರಾಗಿತ್ತು. ಬ್ಯಾಂಡಿನವರು ಎರಡು ವರ್ಷ ಕೂತು, ಅಬ್ಬರವನ್ನೆಲ್ಲ ಬಿಟ್ಟು, ಮೆಲುದನಿಯ ಹತ್ತು ಹಾಡುಗಳ ಆಲ್ಬಂ ಮಾಡಿದರು. ‘ಇವರ ಸರಕು ಮುಗಿದಿದೆ’ ಎಂದು ವಿಮರ್ಶಕ ಬರೆದ. ಜನ ಆಲ್ಬಮ್ಮನ್ನು ಮೂಸಿಯೂ ನೋಡಲಿಲ್ಲ. ಬ್ಯಾಂಡು ಒಡೆಯಿತು. ಅದರ ಗಿಟಾರ್ ವಾದಕ ಮದುವೆಗಳಿಗೆ ಮೈಕ್‌ಸೆಟ್ ಹಾಕುತ್ತ ಹೊಟ್ಟೆ ಹೊರೆದ.

ಹನ್ನೆರಡು ವರ್ಷ ಕಳೆಯಿತು. ಒಂದು ದಿನ ಕ್ಷೌರದಂಗಡಿಯಲ್ಲಿ ಒಂದು ಹಾಡು ಕೇಳಿಬಂತು. ವಿಮರ್ಶಕ ಅರ್ಧ ಕ್ಷೌರದಲ್ಲೇ ತಲೆಯೆತ್ತಿ ಇದು ಯಾರದೆಂದು ವಿಚಾರಿಸಿದ. ಅದೇ ಆಲ್ಬಮ್ಮಿನ ಎಂಟನೆಯ ಹಾಡು. ಮನೆಗೆ ಹೋಗಿ ತನ್ನ ಹಳೆಯ ಕ್ಯಾಸೆಟ್ಟನ್ನು ಹುಡುಕಿ ತೆಗೆದ. ಕ್ಯಾಸೆಟ್ಟು ನಿಲ್ಲಿಸಿದಲ್ಲೇ ನಿಂತಿರುವ ವಸ್ತು. ಟೇಪು ಮೂರನೆಯ ಹಾಡಿನ ನಡುವೆ ನಿಂತಿತ್ತು. ಅಂದು ಅಷ್ಟನ್ನೇ ಕೇಳಿ ಅವನು ಬರೆಯಲು ಕೂತಿದ್ದ.

ಅವನಿಗೆ ನಾಚಿಕೆಯಾಯಿತು. ಹತ್ತೂ ಹಾಡು ಕೇಳಿದ. ಕಣ್ಣು ತುಂಬಿ ಬಂತು. ಮತ್ತೆ ಬರೆದ: ‘ಇದು ಅಪರೂಪದ ಆಲ್ಬಂ. ಕೇಳುಗರು ಇದನ್ನು ಅಪಾರ್ಥ ಮಾಡಿಕೊಂಡರು.’ ಟೇಪು ನಿಂತಿದ್ದ ಸಂಗತಿಯನ್ನು ಮಾತ್ರ ಬರೆಯಲಿಲ್ಲ.

ಪತ್ರಿಕೆ ಹಿಡಿದು ಗಿಟಾರ್ ವಾದಕನ ಬಳಿಗೆ ಹೋದ. ಮದುವೆ ಮುಗಿದ ಚಪ್ಪರದಲ್ಲಿ ವೈರು ಸುತ್ತುತ್ತಿದ್ದ ಅವನು ನಿಂತೇ ಓದಿದ.

“ಕೇಳುಗರು ಕೇಳಿದ್ದು ನಿಮ್ಮ ಮಾತನ್ನು, ಸಾರ್. ನಮ್ಮ ಹಾಡು ಅವರ ತನಕ ಹೋಗಲೇ ಇಲ್ಲ” ಎಂದು ಪತ್ರಿಕೆಯನ್ನು ಮಡಿಸಿ ಹಿಂದಕ್ಕೆ ಕೊಟ್ಟ. ಮತ್ತೆ ವೈರು ಸುತ್ತತೊಡಗಿದ.

ಗುರುಗಳು ಕತೆ ನಿಲ್ಲಿಸಿದರು.

“ಆಲ್ಬಮ್ಮಿಗೆ ಒಳ್ಳೆಯ ಹೆಸರಾದರೂ ಬಂತಲ್ಲ, ಬುದ್ಧಿ” ಎಂದ ಶಿಷ್ಯ.

“ಬಂತು. ಅಂದು ನೀನು ಕೊಟ್ರಯ್ಯನ ಹಾಡನ್ನು ಎಷ್ಟನೆಯ ಸಾಲಿಗೆ ನಿಲ್ಲಿಸಿದೆ?”