ಜಟ್ಟಿಯ ಮನೆಯ ನೆಲದ ಬಿರುಕು

ಕಡಲಿನ ಕಡೆ ಮುಖ ಮಾಡಿ ಕೂತ್ಕೊಳ್ಳಿ, ಹೇಳ್ತೇನೆ. ಹೊಳೆ ಕಡಲು ಸೇರುವ ಅಳಿವೆ ಬಾಯಲ್ಲಿ ಒಂದು ಮಣ್ಣಿನ ಮನೆ, ಮನೆಯಲ್ಲಿ ಮೀನು ಮಾರುವ ಮಾದೇವಿ, ಮಾದೇವಿಗೊಬ್ಬ ಮಗ ಜಟ್ಟಿ. ಮೂವತ್ತು ಮಳೆಗಾಲ ಕಂಡ ಗಂಡಸು. ಹೇಳಿದ್ದನ್ನು ಹೇಳಿದ ಹಾಗೇ ಮಾಡ್ತಿದ್ದ, ಅದೇ ಅವನ ರೋಗ ನೋಡಿ. ನಾನು ಕಣ್ಣು ಮುಚ್ಚಿದರೆ ಇವನಿಗೆ ಗಂಜಿ ಬಡಿಸುವವರು ಯಾರು ಅಂತ ತಾಯಿಗೆ ಹಗಲೂ ರಾತ್ರಿ ಅದೇ ಚಿಂತೆ.

ಕಡಲಿನ ತಳ ಪರೀಕ್ಷೆ ಮಾಡುವ ಹಡಗೊಂದು ಬಂದರಿಗೆ ಬಂತು. ಕೈಕೆಲಸಕ್ಕೆ ಜನ ಬೇಕಂತೆ. ಮಾದೇವಿ ಮಗನನ್ನು ಹತ್ತಿಸಿಯೇ ಬಿಟ್ಟಳು.

"ಒಂದೇ ಒಂದು ವಿಷಯ ಸರಿಯಾಗಿ ಕಲಿತು ಬಾ ಮಗಾ, ನನಗಷ್ಟು ಸಾಕು. ಕಡಲಿಂದ ಏನು ಮೇಲೆ ಬಂದರೂ ಚೆನ್ನಾಗಿ ತೊಳೆದು ಕೊಡು."

ಜಟ್ಟಿ ಆಯ್ತು ಅಂದ. ಹಡಗು ಹೋಯಿತು, ಹೋಯಿತು, ಹಗಲೆಲ್ಲ ನೀಲಿ, ನಿದ್ದೆಯಲ್ಲೂ ನೀಲಿ. ನಡುಗಡಲಲ್ಲಿ ನಿಂತಿತು. ಕಲ್ಲಿನ ಶಾಸ್ತ್ರ ಓದಿದ ವಾರಿಜಾ ಮೇಡಂ ಮೈಲಿಗಟ್ಟಲೆ ಹಗ್ಗ ಇಳಿಸಿ, ತಳದ ಕೆಸರು ಒಂದು ಬಕೆಟ್ ಎತ್ತಿಸಿದರು. ಜಟ್ಟಿ ತೊಳೆದ. ನೀರು ತಿಳಿಯಾಗುವವರೆಗೂ ತೊಳೆದ. ಕೆಸರೆಲ್ಲ ಮತ್ತೆ ಕಡಲಿಗೇ ಹೋಯಿತು, ಬಕೆಟ್ ಮಾತ್ರ ಫಳಫಳ. ಮೇಡಂ ತಲೆ ಮೇಲೆ ಕೈ ಹೊತ್ತು ಕೂತರು. ಕಡಲಿಂದ ಬಂದದ್ದನ್ನು ತೊಳೆಯಬಾರದು, ಹೇಗೆ ಬಂತೋ ಹಾಗೇ ಡಬ್ಬಿಯಲ್ಲಿ ಮುಚ್ಚಿ ಚೀಟಿ ಅಂಟಿಸಬೇಕು ಅಂತ ಬೈದು ಹೇಳಿದರು.

ಮಾರನೇ ದಿನ ಅಡುಗೆಯ ಮೂಸಬ್ಬ ಗಾಳ ಹಾಕಿ ದೊಡ್ಡ ಮೀನು ಹಿಡಿದು ಜಟ್ಟಿಯ ಕೈಗೆ ಕೊಟ್ಟ. ಜಟ್ಟಿ ಅದನ್ನು ಡಬ್ಬಿಗೆ ಹಾಕಿದ, ಮುಚ್ಚಿದ, ಚೀಟಿ ಅಂಟಿಸಿದ. ಮೂರು ದಿನಕ್ಕೆ ಇಡೀ ಹಡಗು ಮೂಗು ಮುಚ್ಚಿಕೊಂಡಿತು. ತಾಜಾ ಬಂದದ್ದನ್ನು ಆ ಕ್ಷಣವೇ ಒಲೆ ಮೇಲಿಡಬೇಕು ಮಾರಾಯ, ಅಂತ ಮೂಸಬ್ಬ ಗದರಿದ. ಇನ್ನೊಂದು ತಪ್ಪು ಮಾಡಿದರೆ ಮುಂದಿನ ಬಂದರಿನಲ್ಲೇ ಇಳಿಸ್ತೇವೆ ಅಂತ ಕಪ್ತಾನರೂ ಹೇಳಿದರು. ಜಟ್ಟಿಗೆ ತಾಯಿಯ ಮುಖ ನೆನಪಾಯಿತು. ಇನ್ನು ತಪ್ಪಲೇಬಾರದು ಅಂದುಕೊಂಡ.

ಆಮೇಲೆ ಮೇಲೆ ಬಂತು ಒಂದು ಕರೀ ಕಲ್ಲು, ಮೈಮೇಲೆ ಗಾಜಿನ ಹೊಳಪು. ಮೇಡಂ ಕಣ್ಣಲ್ಲಿ ನೀರು. ಇಷ್ಟು ತಾಜಾ ಕಲ್ಲು ಯಾರ ಕೈಗೂ ಸಿಕ್ಕಿಲ್ಲ ಅಂದರು. ತಾಜಾ ಅಂದದ್ದೇ ತಡ, ಜಟ್ಟಿ ಓಡಿದ. ಅವರು ಅಡುಗೆಮನೆಗೆ ಬರುವಷ್ಟರಲ್ಲಿ ಕಲ್ಲು ಮೀನಿನ ಸಾರಿನಲ್ಲಿ ಕುದಿಯುತ್ತಿತ್ತು.

ಮೇಡಂ ಬೈಯಲಿಲ್ಲ. ಸೌಟಿನಿಂದ ಕಲ್ಲನ್ನೆತ್ತಿ ಹಿಟ್ಟಿನ ಮೂಟೆ ಮೇಲೆ ಕೂತರು.

"ಇದು ಬೆಂದೇ ಹುಟ್ಟಿದ್ದು ಜಟ್ಟಪ್ಪ," ಅಂದರು ಮೆಲ್ಲಗೆ. "ಕಡಲ ನಡುವೆ ನೆಲ ಬಿರುಕು ಬಿಟ್ಟಿದೆ. ಅಲ್ಲಿ ಅಡಿಯ ಬಿಸಿ ಬಂಡೆ ಮೇಲೇಳುತ್ತೆ. ಮೇಲಿನ ಒತ್ತಡ ಕಡಿಮೆಯಾದ ಹಾಗೆ ಕರಗುತ್ತೆ, ಮ್ಯಾಗ್ಮಾ ಅಂತೀವಿ. ನೀರು ತಾಗಿದ ಕೂಡಲೇ ಗಟ್ಟಿಯಾಗಿ ಹೊಸ ನೆಲವಾಗುತ್ತೆ. ಹಳೇ ನೆಲ ಅರ್ಧ ಆಚೆಗೆ, ಅರ್ಧ ಈಚೆಗೆ ಸರಿದು ಜಾಗ ಕೊಡುತ್ತೆ. ವರ್ಷಕ್ಕೆ ನಿಮ್ಮ ಉಗುರು ಬೆಳೆಯುವಷ್ಟು, ಅಷ್ಟೇ. ಬಿರುಕು ಅಂದರೆ ಒಡಕಲ್ಲ, ನೆಲ ಹುಟ್ಟುವ ಜಾಗ."

ಗಂಜಿಯ ಕೆನೆ ನಡುವೆ ಸೀಳಿ, ಅಡಿಯಿಂದ ಹೊಸ ಗಂಜಿ ಉಕ್ಕಿ ಕೆನೆಯಾದ ಹಾಗೆ ಜಟ್ಟಿಗೆ ಕಂಡಿತು. ಹುಟ್ಟಿದ ಮೇಲೆ ಮೊದಲ ಸಲ ಅವನಿಗೊಂದು ವಿಷಯ ಅರ್ಥವಾಗಿತ್ತು. ಆದರೂ ಮುಂದಿನ ಬಂದರಿನಲ್ಲಿ ಅವನನ್ನು ಇಳಿಸಿಯೇಬಿಟ್ಟರು.

ಮನೆಗೆ ಬಂದು, ಕಲಿತೆ ಅವ್ವಿ ಅಂದ. ಮಾದೇವಿಗೆ ಎಷ್ಟು ಸಮಾಧಾನವಾಯಿತು ಅಂತೀರಿ. ಬಿಸಿಲಿಗೆ ಬಾಗಿಲಿಂದ ಒಲೆಯವರೆಗೆ ನೆಲ ಬಿರಿದಿತ್ತು. ಮಣ್ಣು ತುಂಬಿ, ಸೆಗಣಿ ಹಾಕಿ ಸಾರಿಸಿಡು ಅಂತ ಹೇಳಿ, ಬುಟ್ಟಿ ಹೊತ್ತು ಪೇಟೆಗೆ ಹೋದಳು.

ಸಂಜೆ ಬಂದು ನೋಡಿದರೆ, ಮಡಕೆಗಳು ಅರ್ಧ ಬಿರುಕಿನ ಆಚೆ, ಅರ್ಧ ಈಚೆ. ನೆಲ ಸರಿಯೂದಕ್ಕೆ ಜಾಗ ಬೇಕಲ್ಲ, ಎರಡೂ ಗೋಡೆಗಳ ಬುಡವನ್ನು ಒಂದೊಂದು ಉಗುರಿನಷ್ಟು ಕೆತ್ತಿಟ್ಟಿದ್ದಾನೆ. ಬಿರುಕು ಹಾಗೇ ಬಾಯಿ ತೆರೆದಿದೆ, ಪಕ್ಕದಲ್ಲಿ ಜಟ್ಟಿ ಕೂತಿದ್ದಾನೆ.

ಮಾದೇವಿ ಬಾಯಿಗೆ ಬಂದ ಹಾಗೆ ಬೈದಳು. ಬೈಯುತ್ತಾ ನೋಡಿದರೆ ಅವನ ಚಾಪೆ ಅವಳ ಚಾಪೆಗೆ ತಾಗಿ ಇತ್ತು. ಇದ್ಯಾಕೆ ಇಲ್ಲಿಗೆ ತಂದೆ ಅಂತ ಕೇಳಿದಳು.

"ನನ್ನ ಚಾಪೆ ಗುಡ್ಡದ ಕಡೆ ಇತ್ತು ಅವ್ವಿ, ನಿಂದು ಕಡಲ ಕಡೆ. ನೆಲ ಬೆಳೀತಾ ಬೆಳೀತಾ ನಾವು ದೂರ ಹೋಗ್ತೇವೆ. ನೀ ಗಂಜಿಗೆ ಕರೆದರೆ ನಂಗೆ ಕೇಳೂದಿಲ್ಲ."

ಮಾದೇವಿ ಬೈಯೂದು ಬಿಟ್ಟು ಬುಟ್ಟಿ ಕೆಳಗಿಟ್ಟಳು. ಸೆರಗಿನಿಂದ ಮುಖ ಒರೆಸಿಕೊಂಡಳು.

"ಹೊಸ ನೆಲ ಬಂದ ಮೇಲೆ ನಾನೇ ಸಾರಿಸ್ತೇನೆ," ಅಂದಳು. "ಅಲ್ಲೀವರೆಗೆ ನೀ ಕಾದಿರು."

ಏನೋ ಬಾಯಿಗೆ ಬಂತು, ಹೇಳಿದಳು ಪಾಪ. ಹೇಳಿದ್ದು ಯಾರಿಗೆ ನೋಡಿ. ಅವತ್ತಿಂದ ಜಟ್ಟಿ ಬಿರುಕಿನ ಪಕ್ಕ ಕಾದೇ ಇದ್ದಾನೆ. ಮಾದೇವಿ ಬಿರುಕನ್ನು ಹಾಗೇ ಉಳಿಸಿ, ಅದರ ಆಚೆ ಈಚೆ ಸಾರಿಸಿ, ಕೂತಲ್ಲಿಗೇ ಗಂಜಿ ಕೊಡ್ತಾಳೆ. ಜಟ್ಟಿಯ ಕೈಯ ಉಗುರು ಗೇಣುದ್ದ ಬೆಳೆದು ತಟ್ಟೆಗೆ ತಾಗ್ತದೆ, ಆದರೂ ಕತ್ತರಿಸೂದಿಲ್ಲ. ಕತ್ತರಿಸಿದರೆ ಕಡಲಿನ ನೆಲ ಬೆಳೆಯೂದು ನಿಂತುಹೋದೀತು ಅಂತ ಅವನಿಗೆ ಹೆದರಿಕೆ.